ಸೈನಿಕನ ಪ್ರಮಾಣವಚನ ಮತ್ತು ‘ಕಾನೂನುಬದ್ಧ’ ಎಂಬ ಪದ

ಮಾನ್ಯ ಸಂಪಾದಕರೇ,

ಧಾರವಾಡ, ಬೆಳಗಾವಿ, ಗದಗ, ಹಾವೇರಿ ಕಡೆಯ ಊರುಗಳಲ್ಲಿ ನಸುಕಿನಲ್ಲಿ ರಸ್ತೆಗಿಳಿದರೆ ಸೇನಾ ಭರ್ತಿಗಾಗಿ ಓಟದ ಅಭ್ಯಾಸ ಮಾಡುವ ಹುಡುಗರು ಕಣ್ಣಿಗೆ ಬೀಳುತ್ತಾರೆ. ನಮ್ಮ ಓಣಿಯ ಅಂಥ ಒಬ್ಬ ಹುಡುಗ ತಾನು ಅಗ್ನಿವೀರನಾಗಿ ಆಯ್ಕೆಯಾದ ಸುದ್ದಿ ಹೇಳಲು ಪೇಢೆ ಹಿಡಿದುಕೊಂಡು ಕಳೆದ ವಾರ ನಮ್ಮ ಮನೆಗೆ ಬಂದಿದ್ದ. ಹೊರಡುವಾಗ ಬಾಗಿಲಲ್ಲಿ ನಿಂತು, ‘ಕಾಕಾ, ನೀವು ವಕೀಲಕಿ ಮಾಡಿದವರು. ಮ್ಯಾಲಿನ ಸಾಹೇಬ್ರು ತಪ್ಪು ಹುಕುಂ ಕೊಟ್ಟರ ಏನ್ ಮಾಡಬೇಕ್ರಿ?’ ಎಂದು ಕೇಳಿದ. ದಶಕಗಳ ಕಾಲ ಫೌಜದಾರಿ ಪ್ರಕರಣಗಳನ್ನು ನಡೆಸಿದ ನನಗೆ ಆ ಪ್ರಶ್ನೆಗೆ ಕಾನೂನು ಕೊಡುವ ಉತ್ತರ ಗೊತ್ತಿತ್ತು. ಆದರೆ ಈಗಷ್ಟೇ ಹದಿನೆಂಟು ತುಂಬಿದ ಹುಡುಗನೊಬ್ಬ ಆ ಉತ್ತರವನ್ನು ಬಂದೂಕು ಕೈಯಲ್ಲಿರುವ ಗಳಿಗೆಯಲ್ಲಿ ಬಳಸುವುದು ಹೇಗೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅಂದು ಅವನಿಗೆ ಪೂರ್ತಿಯಾಗಿ ಹೇಳಲಾಗದ್ದನ್ನು ತಮ್ಮ ಪತ್ರಿಕೆಯ ಓದುಗರ ಮುಂದೆ ಇಡಲು ಅವಕಾಶ ಕೋರುತ್ತೇನೆ.

‘ಫೌಜಿನಲ್ಲಿ ಹುಕುಂ ಎಂದರೆ ಹುಕುಂ’ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ, ಹೆಮ್ಮೆಯಿಂದ ಹೇಳಿಯೂ ಇದ್ದೇವೆ. ನಮ್ಮ ಕಾಯ್ದೆ ಹಾಗೆ ಹೇಳುವುದಿಲ್ಲ. 1950ರ ಸೇನಾ ಕಾಯ್ದೆಯ 41ನೆಯ ಕಲಂ ಮೇಲಧಿಕಾರಿಯ ಆದೇಶವನ್ನು ಉಲ್ಲಂಘಿಸುವುದನ್ನು ಘೋರ ಅಪರಾಧವೆಂದು ಪರಿಗಣಿಸುತ್ತದೆ. ಬೇಕೆಂದೇ ಧಿಕ್ಕರಿಸಿದವನಿಗೆ 14 ವರ್ಷಗಳವರೆಗೆ ಕಾರಾಗೃಹ ವಾಸ ವಿಧಿಸಬಹುದು. ಆದರೆ ಅದೇ ಕಲಂ ‘ಆದೇಶ’ ಎಂದಷ್ಟೇ ಬರೆದು ನಿಲ್ಲಿಸಿಲ್ಲ, ‘ಕಾನೂನುಬದ್ಧ ಆದೇಶ’ ಎಂದಿದೆ. ಆ ವಿಶೇಷಣವನ್ನು ತೆಗೆದುಹಾಕಿದರೆ ಉಳಿಯುವುದು ಬೇರೆಯೇ ಕಾಯ್ದೆ. ಸೈನಿಕನ ಪ್ರಮಾಣವಚನವೂ ಹೀಗೆಯೇ ಇದೆ. ಕಾನೂನಿನಂತೆ ಸ್ಥಾಪಿತವಾದ ಭಾರತದ ಸಂವಿಧಾನಕ್ಕೆ ನಿಷ್ಠನಾಗಿರುತ್ತೇನೆ ಎಂಬುದು ಅದರಲ್ಲಿ ಮೊದಲು ಬರುತ್ತದೆ, ಮೇಲಧಿಕಾರಿಯ ಆಜ್ಞೆಯನ್ನು ಪ್ರಾಣಾಪಾಯವಿದ್ದರೂ ಪಾಲಿಸುತ್ತೇನೆ ಎಂಬುದು ಅದರ ನಂತರ ಬರುತ್ತದೆ. ಪಣಕ್ಕಿಡುತ್ತೇನೆಂದು ಸೈನಿಕ ಅಲ್ಲಿ ಒಪ್ಪಿಕೊಳ್ಳುವುದು ತನ್ನ ಪ್ರಾಣವನ್ನು. ನಿರಾಯುಧನಾಗಿ ಎದುರು ನಿಂತವನ ಪ್ರಾಣವನ್ನು ತೆಗೆಯಲು ಆ ವಚನದಲ್ಲಿ ಯಾವ ಒಪ್ಪಿಗೆಯೂ ಇಲ್ಲ.

ಇನ್ನು ದಂಡ ಕಾನೂನು. ಹಳೆಯ ಭಾರತೀಯ ದಂಡ ಸಂಹಿತೆಯ 76ನೆಯ ಕಲಂ ಈಗ ಭಾರತೀಯ ನ್ಯಾಯ ಸಂಹಿತೆಯ 14ನೆಯ ಕಲಂ ಆಗಿದೆ. ಅದರ ಕೆಳಗೆ ಕೊಟ್ಟಿರುವ ಮೊದಲ ದೃಷ್ಟಾಂತ ಸೈನಿಕನದ್ದೇ: ಮೇಲಧಿಕಾರಿಯ ಆದೇಶದಂತೆ, ಕಾನೂನಿನ ಆಜ್ಞೆಗಳಿಗೆ ಅನುಸಾರವಾಗಿ ಗುಂಪಿನ ಮೇಲೆ ಗುಂಡು ಹಾರಿಸಿದ ಸೈನಿಕ ಅಪರಾಧ ಮಾಡಿದಂತಾಗುವುದಿಲ್ಲ. ಇದನ್ನು ಓದುವವರು ಸಾಮಾನ್ಯವಾಗಿ ಮೊದಲ ಭಾಗಕ್ಕೇ ನಿಂತುಬಿಡುತ್ತಾರೆ. ಅಧಿಕಾರಿಯ ಆದೇಶವೂ ಇರಬೇಕು, ಆ ಆದೇಶ ಕಾನೂನಿಗೆ ಅನುಸಾರವಾಗಿಯೂ ಇರಬೇಕು. ಎರಡನೆಯದು ಇಲ್ಲದಿದ್ದರೆ ಮೊದಲನೆಯದರಿಂದ ರಕ್ಷಣೆ ಸಿಗುವುದಿಲ್ಲ. ಹೆದರಿಕೆಗೆ ಮಣಿದು ಮಾಡಿದೆ ಎಂದರೂ ಕೊಲೆಯ ವಿಷಯದಲ್ಲಿ ನಮ್ಮ ಕಾನೂನು ಕಿವಿಗೊಡುವುದಿಲ್ಲ, ಏಕೆಂದರೆ ಬೆದರಿಕೆಗೆ ಒಳಗಾಗಿ ಮಾಡಿದ ಕೃತ್ಯಗಳಿಗೆ ವಿನಾಯಿತಿ ಕೊಡುವ, ಅದೇ ನ್ಯಾಯ ಸಂಹಿತೆಯ 32ನೆಯ ಕಲಂ ಕೊಲೆಯನ್ನು ಆ ವಿನಾಯಿತಿಯಿಂದ ಹೊರಗಿಟ್ಟಿದೆ. ನಮ್ಮ ಓಣಿಯ ಹುಡುಗ ನಿಲ್ಲುವ ಜಾಗ ಎಷ್ಟು ಇಕ್ಕಟ್ಟಿನದು ನೋಡಿ. ಸರಿಯಾದ ಆದೇಶವನ್ನು ತಪ್ಪೆಂದು ಬಗೆದು ನಿರಾಕರಿಸಿದರೆ ಕೋರ್ಟ್ ಮಾರ್ಷಲ್, ತಪ್ಪು ಆದೇಶವನ್ನು ಸರಿಯೆಂದು ಬಗೆದು ಪಾಲಿಸಿದರೆ ಕೊಲೆಯ ಆರೋಪ. ಇಷ್ಟು ದೊಡ್ಡ ಹೊರೆಯನ್ನು ಕಾಯ್ದೆ ಅವನ ಹೆಗಲ ಮೇಲೆ ಇಡುವುದಾದರೆ, ಅದನ್ನು ಹೊರುವ ಬಗೆಯನ್ನು ಕಲಿಸುವ ಹೊಣೆ ಅವನನ್ನು ಭರ್ತಿ ಮಾಡಿಕೊಂಡ ಸರ್ಕಾರದ್ದು.

ಹಾಗಾದರೆ ಯಾವ ಆದೇಶವನ್ನು ನಿರಾಕರಿಸಬೇಕು? ಸೈನಿಕ ಪ್ರತಿಯೊಂದು ಆದೇಶವನ್ನೂ ವಕೀಲನಂತೆ ಬಿಡಿಸಿ ನೋಡುತ್ತ ಕುಳಿತರೆ ಸೇನೆ ನಡೆಯದು. ಈ ಪ್ರಶ್ನೆಗೆ ನ್ಯಾಯಾಲಯಗಳು ಕೊಟ್ಟ ಉತ್ತರಗಳಲ್ಲಿ ನನಗೆ ಬಹಳ ಸ್ಪಷ್ಟವಾಗಿ ಕಂಡದ್ದು ಇಸ್ರೇಲಿನ ಕಫ್ರ್ ಕಾಸಿಮ್ ಪ್ರಕರಣದ ತೀರ್ಪು. 1956ರ ಅಕ್ಟೋಬರ್ 29ರಂದು, ಸೂಯೆಜ್ ಯುದ್ಧ ಆರಂಭವಾದ ದಿನ, ಆ ಅರಬ್ ಹಳ್ಳಿಯಲ್ಲಿ ಸಂಜೆ 5 ಗಂಟೆಯಿಂದ ಕರ್ಫ್ಯೂ ಎಂದು ಗಡಿ ಪೊಲೀಸರು ಊರ ಮುಖ್ಯಸ್ಥನಿಗೆ ತಿಳಿಸಿದ್ದು ಅರ್ಧ ಗಂಟೆ ಮೊದಲು. ಹೊಲಕ್ಕೂ ಕಲ್ಲಿನ ಕ್ವಾರಿಗೂ ಹೋದ ನೂರಾರು ಜನಕ್ಕೆ ಇದು ತಿಳಿಯುವುದಾದರೂ ಹೇಗೆ ಎಂದು ಆತ ಕೇಳಿದ. ಆದರೆ ಕರ್ಫ್ಯೂ ವೇಳೆಯಲ್ಲಿ ಹೊರಗೆ ಕಂಡವರನ್ನು ಗುಂಡಿಕ್ಕಬೇಕೆಂಬ ಆದೇಶ ಮೇಲಿನಿಂದ ಬಂದಾಗಿತ್ತು. ಕೆಲಸ ಮುಗಿಸಿ ಸೈಕಲ್ಲಿನಲ್ಲಿ, ಗಾಡಿಯಲ್ಲಿ, ಲಾರಿಯಲ್ಲಿ ಮನೆಗೆ ಮರಳುತ್ತಿದ್ದವರನ್ನು ಊರ ಬಾಗಿಲಲ್ಲೇ ತಡೆದು ಗುಂಡಿಕ್ಕಲಾಯಿತು. ಸತ್ತವರು 49 ಮಂದಿ, ಅವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು. 1958ರಲ್ಲಿ ತೀರ್ಪು ಕೊಟ್ಟ ನ್ಯಾಯಾಧೀಶ ಬೆಂಜಮಿನ್ ಹಲೇವಿ, ಕೆಲವು ಆದೇಶಗಳ ಮೇಲೆ ‘ನಿಷಿದ್ಧ’ ಎಂಬ ಎಚ್ಚರಿಕೆ ಕಪ್ಪು ಬಾವುಟದಂತೆ ಹಾರಾಡುತ್ತಿರುತ್ತದೆ, ಕಣ್ಣು ಕುರುಡಾಗದ, ಎದೆ ಕಲ್ಲಾಗದ ಯಾರಿಗೂ ಅದು ಕಾಣದೇ ಇರದು ಎಂಬ ಅರ್ಥದ ಮಾತು ಬರೆದರು. ಸಣ್ಣಪುಟ್ಟ ನಿಯಮ ಮೀರಿದ ಆದೇಶಗಳ ಮಾತು ಇದಲ್ಲ. ಶರಣಾದವನನ್ನು, ಸೆರೆ ಸಿಕ್ಕವನನ್ನು, ಮಗುವನ್ನು, ಕೈಯಲ್ಲಿ ಏನೂ ಇಲ್ಲದೆ ಮನೆಗೆ ಹೋಗುತ್ತಿರುವವನನ್ನು ಕೊಲ್ಲು ಎಂಬಂಥ ಆದೇಶ ಮಾತ್ರ ಆ ಬಾವುಟದ ಕೆಳಗೆ ಬರುತ್ತದೆ.

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ತೀರ್ಪಿನ ಮಾತಿಗಿಂತಲೂ ಬೇರೊಂದು ಸಂಗತಿ. ಅದೇ ತುಕಡಿಯ ಬೇರೆ ದಳಗಳು ಅದೇ ಸಂಜೆ ಅಕ್ಕಪಕ್ಕದ ಹಳ್ಳಿಗಳಲ್ಲಿ ಅದೇ ಆದೇಶ ಹೊತ್ತು ನಿಂತಿದ್ದವು. ಅಲ್ಲಿಯ ಕಿರಿಯ ಅಧಿಕಾರಿಗಳಲ್ಲಿ ಹಲವರು ಹಳ್ಳಿಗರನ್ನು ಸುಮ್ಮನೆ ಮನೆಗೆ ಹೋಗಗೊಟ್ಟರು. ಕಫ್ರ್ ಕಾಸಿಮ್‌ನಲ್ಲಿ ನಡೆದಂಥ ನರಮೇಧ ಅಲ್ಲಿ ನಡೆಯಲಿಲ್ಲ. ಆದೇಶ ಒಂದೇ, ಶಿಸ್ತು ಒಂದೇ, ತರಬೇತಿ ಒಂದೇ. ಹಾಗಿದ್ದೂ ಒಂದು ಊರಿನಲ್ಲಿ ಹೆಣಗಳು ಬಿದ್ದವು, ಪಕ್ಕದ ಊರಿನಲ್ಲಿ ಜನ ಒಲೆ ಹಚ್ಚಿ ಅಡುಗೆ ಮಾಡಿಕೊಂಡರು. ‘ನನಗೆ ಬೇರೆ ದಾರಿಯೇ ಇರಲಿಲ್ಲ’ ಎಂಬ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಉತ್ತರವನ್ನು ನಾನು ಯಾವ ಕಾನೂನು ಪುಸ್ತಕದಲ್ಲೂ ಓದಿಲ್ಲ.

ವಿಯೆಟ್ನಾಮಿನ ಮೈ ಲಾಯ್ ಹಳ್ಳಿಯ ಹೆಸರನ್ನು ಅನೇಕ ಓದುಗರು ಕೇಳಿರುತ್ತಾರೆ. 1968ರ ಮಾರ್ಚ್ 16ರಂದು ಅಮೆರಿಕದ ಪದಾತಿ ದಳವೊಂದು ಅಲ್ಲಿ ಮುದುಕರು, ಹೆಂಗಸರು, ಹಸುಗೂಸುಗಳೆನ್ನದೆ ನೂರಾರು ಜನರನ್ನು ಕೊಂದಿತು. ವಿಯೆಟ್ನಾಮಿನ ಲೆಕ್ಕದಲ್ಲಿ ಸತ್ತವರು 504. ಆ ಬೆಳಿಗ್ಗೆ ಮೇಲೆ ಹಾರುತ್ತಿದ್ದ ಹೆಲಿಕಾಪ್ಟರಿನ ಪೈಲಟ್ ಹ್ಯೂ ಥಾಂಪ್ಸನ್‌ಗೆ ಆಗ 24 ವರ್ಷ. ಕೆಳಗೆ ನಡೆಯುತ್ತಿರುವುದು ಯುದ್ಧವಲ್ಲ ಎಂಬುದು ಅರಿವಾದ ಕೂಡಲೇ ಆತ ಓಡಿಹೋಗುತ್ತಿದ್ದ ಹಳ್ಳಿಗರಿಗೂ ಅವರ ಬೆನ್ನಟ್ಟಿದ್ದ ತನ್ನದೇ ದೇಶದ ಸೈನಿಕರಿಗೂ ನಡುವೆ ಹೆಲಿಕಾಪ್ಟರನ್ನು ಇಳಿಸಿದ. ಅವರು ಹಳ್ಳಿಗರ ಮೇಲೆ ಗುಂಡು ಹಾರಿಸಿದರೆ ತಿರುಗಿ ಅವರ ಮೇಲೆಯೇ ಗುಂಡು ಹಾರಿಸಿ ಎಂದು ತನ್ನ ಜೊತೆಗಿದ್ದ ಲಾರೆನ್ಸ್ ಕೋಲ್‌ಬರ್ನ್ ಮತ್ತು ಗ್ಲೆನ್ ಆಂಡ್ರಿಯೊಟ್ಟಾ ಅವರಿಗೆ ಹೇಳಿ, ಬಂಕರಿನಲ್ಲಿ ಅಡಗಿದ್ದವರನ್ನು ಹೊರಕ್ಕೆ ಕರೆತಂದು ಬೇರೆ ಹೆಲಿಕಾಪ್ಟರುಗಳಲ್ಲಿ ಕಳುಹಿಸಿಕೊಟ್ಟ. ಹೆಣಗಳು ತುಂಬಿದ್ದ ಕಂದಕದಿಂದ ಜೀವಂತ ಮಗುವೊಂದನ್ನು ಆಂಡ್ರಿಯೊಟ್ಟಾ ಎತ್ತಿ ತಂದ. ಥಾಂಪ್ಸನ್ ನೆಲೆಗೆ ಮರಳಿ ಮಾಡಿದ ವರದಿಯ ಮೇಲೆಯೇ ಅಂದಿನ ಗುಂಡಿನ ಸುರಿಮಳೆ ನಿಂತಿತು. ಇದಾದ ಕೆಲವೇ ವಾರಗಳಲ್ಲಿ ಆಂಡ್ರಿಯೊಟ್ಟಾ ಯುದ್ಧದಲ್ಲಿ ಸತ್ತ. ಥಾಂಪ್ಸನ್ ವರ್ಷಗಟ್ಟಲೆ ದೇಶದ್ರೋಹಿ ಎನಿಸಿಕೊಂಡು ಬಾಳಿದ. ಅವರ ಸೇನೆ ಆ ಮೂವರಿಗೆ ಪದಕ ಕೊಟ್ಟದ್ದು 1998ರಲ್ಲಿ, ಅಂದರೆ ಸರಿಯಾಗಿ ಮೂವತ್ತು ವರ್ಷಗಳ ನಂತರ.

ಕೊಂದವರ ಗತಿ ಏನಾಯಿತು? 1971ರಲ್ಲಿ ಲೆಫ್ಟಿನೆಂಟ್ ವಿಲಿಯಂ ಕ್ಯಾಲಿ 22 ನಾಗರಿಕರ ಕೊಲೆಗಾಗಿ ತಪ್ಪಿತಸ್ಥನೆಂದು ತೀರ್ಮಾನವಾಯಿತು. ‘ನನ್ನ ಕ್ಯಾಪ್ಟನ್ ಆದೇಶವನ್ನು ಪಾಲಿಸಿದೆ’ ಎಂಬ ಅವನ ವಾದವನ್ನು ಕೋರ್ಟ್ ಮಾರ್ಷಲ್ ಒಪ್ಪಲಿಲ್ಲ. ಸಾಮಾನ್ಯ ತಿಳಿವಳಿಕೆಯುಳ್ಳ ಮನುಷ್ಯನಿಗೆ ಕಾನೂನುಬಾಹಿರವೆಂದು ತಿಳಿಯುವಂಥ ಆದೇಶ ಯಾರಿಗೂ ಗುರಾಣಿಯಾಗದು ಎಂಬ ಅಳತೆಗೋಲನ್ನು ಅಲ್ಲಿನ ಸೇನಾ ಮೇಲ್ಮನವಿ ನ್ಯಾಯಾಲಯವೂ 1973ರಲ್ಲಿ ಎತ್ತಿಹಿಡಿಯಿತು. ಇಲ್ಲಿಯವರೆಗೆ ಸರಿ. ಆದರೆ ಜೀವಾವಧಿ ಶಿಕ್ಷೆಯಾದ ಕ್ಯಾಲಿ ಅನುಭವಿಸಿದ್ದು ಸುಮಾರು ಮೂರೂವರೆ ವರ್ಷ, ಅದೂ ಬಹುಪಾಲು ಗೃಹಬಂಧನದಲ್ಲಿ. ಅವನ ಕ್ಯಾಪ್ಟನ್ ಮೆದಿನಾ ಖುಲಾಸೆಯಾದ. ಅಷ್ಟು ಜನ ಸತ್ತ ಆ ಪ್ರಕರಣದಲ್ಲಿ ಶಿಕ್ಷೆಯಾದದ್ದು ಕ್ಯಾಲಿ ಒಬ್ಬನಿಗೆ. ಕಫ್ರ್ ಕಾಸಿಮ್‌ನಲ್ಲೂ ಇದೇ ಕಥೆ. ಗುಂಡಿಕ್ಕಿದವರಿಗೂ ಅವರ ಮೇಜರ್‌ಗೂ ದೀರ್ಘ ಸೆರೆವಾಸ ವಿಧಿಸಿದರೂ ಅದನ್ನು ತಗ್ಗಿಸಿ 1960ರ ಹೊತ್ತಿಗೆ ಎಲ್ಲರನ್ನೂ ಬಿಟ್ಟುಕಳಿಸಲಾಯಿತು. ಅವರೆಲ್ಲರ ಮೇಲಿದ್ದ ಕರ್ನಲ್ ಶದ್ಮಿಗೆ ಬಿದ್ದ ದಂಡ 10 ಪ್ರುತೋತ್, ಎಂದರೆ ಅಂದಿನ ಒಂದು ಇಸ್ರೇಲಿ ಪೌಂಡಿನ ನೂರನೆಯ ಒಂದು ಪಾಲು.

ಆಜ್ಞಾಪಾಲನೆಯ ಹೊಣೆಗಾರಿಕೆಯ ಬಗ್ಗೆ ಮಾತನಾಡುವವರು ಇಲ್ಲಿ ಪ್ರಾಮಾಣಿಕರಾಗಿರಬೇಕು. ಪಾಲಿಸಿದವನನ್ನು ಮಾತ್ರ ಕಟಕಟೆಗೆ ತಂದು ಆಜ್ಞೆ ಕೊಟ್ಟವನನ್ನು ಸಾಕ್ಷಿಯ ಜಾಗದಲ್ಲಿ ನಿಲ್ಲಿಸುವ ವ್ಯವಸ್ಥೆಯಲ್ಲಿ ಸೈನಿಕನಿಗೆ ನಿರಾಕರಿಸುವ ಧೈರ್ಯ ಬರುವುದಿಲ್ಲ. ಎರಡನೆಯ ಮಹಾಯುದ್ಧದ ನಂತರ ನ್ಯೂರೆಂಬರ್ಗ್‌ನಲ್ಲಿ ನಡೆದ ನಾಜಿ ಜರ್ಮನಿಯ ಯುದ್ಧಾಪರಾಧಿಗಳ ವಿಚಾರಣೆಯಲ್ಲಿ ಈ ಕ್ರಮ ತಿರುವುಮುರುವಾಗಿತ್ತು. ಅಲ್ಲಿ ಮೊದಲು ಕಟಕಟೆ ಏರಿದವರು ಕೈಟಲ್, ಯೋಡ್ಲ್‌ರಂಥ ಸೇನಾಪತಿಗಳು, ಮಂತ್ರಿಗಳು. ಮೇಲಿನವರ ಆದೇಶ ಹೊಣೆಯಿಂದ ಪಾರುಮಾಡದು, ಹೆಚ್ಚೆಂದರೆ ಶಿಕ್ಷೆ ತಗ್ಗಿಸಲು ಅದನ್ನು ಗಣನೆಗೆ ತೆಗೆದುಕೊಳ್ಳಬಹುದು ಎಂದು ಆ ನ್ಯಾಯಮಂಡಳಿಯ 1945ರ ಸನದು ಹೇಳಿತು. 1950ರಲ್ಲಿ ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗ ಅದನ್ನು ತತ್ತ್ವರೂಪಕ್ಕೆ ಇಳಿಸುವಾಗ ‘ನೈತಿಕ ಆಯ್ಕೆ ವಾಸ್ತವವಾಗಿ ಸಾಧ್ಯವಿದ್ದರೆ’ ಎಂಬ ಷರತ್ತನ್ನು ಸೇರಿಸಿತು. ಆ ಆಯೋಗದ ಅಂದಿನ ಸದಸ್ಯರಲ್ಲಿ ನಮ್ಮ ಸಂವಿಧಾನದ ಮೊದಲ ಕರಡು ಸಿದ್ಧಪಡಿಸಿದ, ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಒಬ್ಬರು ಎಂಬುದನ್ನು ನಮ್ಮಲ್ಲಿ ನೆನೆಯುವವರು ಕಡಿಮೆ. ಜರ್ಮನಿ ತನ್ನ ಪಾಲಿನ ಪಾಠವನ್ನು ಕಾಯ್ದೆಯಾಗಿಯೇ ಬರೆದುಕೊಂಡಿತು. 1956ರ ಅದರ ಸೈನಿಕ ಕಾಯ್ದೆಯ ಪ್ರಕಾರ ಮನುಷ್ಯನ ಘನತೆಗೆ ಕುಂದು ತರುವ ಆದೇಶವನ್ನು ಪಾಲಿಸದಿದ್ದರೆ ಅದು ಅವಿಧೇಯತೆ ಆಗುವುದಿಲ್ಲ, ಅಪರಾಧಕ್ಕೆ ಎಡೆಮಾಡುವ ಆದೇಶವನ್ನಂತೂ ಪಾಲಿಸಲೇಕೂಡದು.

ನಮ್ಮ ನಾಡಿನ ಚರಿತ್ರೆಗೆ ಬರುತ್ತೇನೆ. 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್‌ನಲ್ಲಿ ಸುಮಾರು ಹತ್ತು ನಿಮಿಷ 1650 ಸುತ್ತು ಗುಂಡು ಹಾರಿತು. ಸರ್ಕಾರಿ ಲೆಕ್ಕದಲ್ಲೇ 379 ಮಂದಿ ಸತ್ತರು. ಆದೇಶ ಕೊಟ್ಟ ಡಯರ್ ಹೆಸರು ನಮಗೆಲ್ಲ ಬಾಯಿಪಾಠ, ಆದರೆ ಬಂದೂಕಿನ ಕುದುರೆ ಒತ್ತಿದ ಬೆರಳುಗಳು ಈ ಉಪಖಂಡದವರದ್ದೇ ಎಂಬುದನ್ನು ನಾವು ಬೇಗ ದಾಟಿ ಹೋಗುತ್ತೇವೆ. 1938ರ ಏಪ್ರಿಲ್ 25ರಂದು ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದವರ ಮೇಲೆ ಗುಂಡು ಹಾರಿಸಿದ್ದು ಮೈಸೂರು ಸಂಸ್ಥಾನದ ಪೊಲೀಸರು. ಈ ಎರಡರ ನಡುವೆ, 1930ರ ಏಪ್ರಿಲ್ 23ರಂದು, ಪೇಶಾವರದ ಕಿಸ್ಸಾ ಖ್ವಾನಿ ಬಜಾರಿನಲ್ಲಿ ಖಾನ್ ಅಬ್ದುಲ್ ಗಫಾರ್ ಖಾನರ ಅಹಿಂಸಾವಾದಿ ಅನುಯಾಯಿಗಳಾದ ಖುದಾಯಿ ಖಿದ್ಮತ್‌ಗಾರರ ನಿರಾಯುಧ ಗುಂಪಿನ ಎದುರು ನಿಂತ ರಾಯಲ್ ಗಢವಾಲ್ ರೈಫಲ್ಸ್‌ನ ಹವಾಲ್ದಾರ್ ಚಂದ್ರಸಿಂಗ್ ಗಢವಾಲಿ ಮತ್ತು ಅವರ ಸಂಗಡಿಗರು ಗುಂಡು ಹಾರಿಸಲು ಒಪ್ಪಲಿಲ್ಲ. ಹಿಂದೂ ಸೈನಿಕರು ಮುಸಲ್ಮಾನ ಪಠಾಣರ ಮೇಲೆ ಗುಂಡು ಹಾರಿಸಲು ಹಿಂಜರಿಯಲಾರರು ಎಂದು ಎಣಿಸಿದ್ದವರ ಎಣಿಕೆ ತಪ್ಪಿತು. ಕೋರ್ಟ್ ಮಾರ್ಷಲ್‌ನಲ್ಲಿ ಬ್ಯಾರಿಸ್ಟರ್ ಮುಕುಂದಿ ಲಾಲ್ ಅವರ ಪರ ವಾದಿಸಿದರೂ ಚಂದ್ರಸಿಂಗ್‌ಗೆ ಜೀವಾವಧಿ ಶಿಕ್ಷೆಯಾಯಿತು. ಹನ್ನೊಂದು ವರ್ಷಗಳ ಸೆರೆವಾಸದ ಬಳಿಕ 1941ರಲ್ಲಿ ಬಿಡುಗಡೆಯಾಯಿತು.

ಈ ವಿಷಯದಲ್ಲಿ ಗಾಂಧೀಜಿಯ ನಿಲುವು ನನ್ನನ್ನು ಬಹುಕಾಲ ಕಾಡಿದೆ. ದುಂಡು ಮೇಜಿನ ಪರಿಷತ್ತಿನ ದಿನಗಳಲ್ಲಿ ಫ್ರೆಂಚ್ ಪತ್ರಕರ್ತನೊಬ್ಬ ಕೇಳಿದಾಗ ಅವರು ಗಢವಾಲಿ ಸೈನಿಕರನ್ನು ಹೊಗಳಲಿಲ್ಲ. ಗುಂಡು ಹಾರಿಸುವ ಆಜ್ಞೆಯನ್ನು ಮೀರುವ ಸೈನಿಕ ತಾನು ಕೊಟ್ಟ ವಚನವನ್ನು ಮುರಿದಂತೆ, ನಾಳೆ ನಾವು ಅಧಿಕಾರಕ್ಕೆ ಬಂದಾಗ ನಮಗೂ ಇದೇ ಸೈನಿಕರೇ ಬೇಕಾಗುತ್ತಾರೆ ಎಂಬ ಅರ್ಥದಲ್ಲಿ ಅವರು ಉತ್ತರಿಸಿದರು. ಅಹಿಂಸೆಯ ಗುರುವಿನ ಬಾಯಲ್ಲಿ ಈ ಮಾತೇ ಎಂದು ಎಳೆಯ ವಯಸ್ಸಿನಲ್ಲಿ ನೊಂದುಕೊಂಡಿದ್ದೆ. ಈಗ ಅದರ ಹಿಂದಿನ ಭಯ ನನಗೆ ಅರ್ಥವಾಗುತ್ತದೆ. ತನಗೆ ಒಪ್ಪಿಗೆಯಾದ ಆಜ್ಞೆಯನ್ನಷ್ಟೇ ಪಾಲಿಸುವ ಸೇನೆ ನಾಳೆ ಚುನಾಯಿತ ಸರ್ಕಾರದ ಆಜ್ಞೆಯನ್ನೂ ತಳ್ಳಿಹಾಕೀತು, ಅಂಥ ಸೇನೆಗಳ ಕೈಯಲ್ಲಿ ನರಳಿದ ದೇಶಗಳು ನಮ್ಮ ನೆರೆಯಲ್ಲೇ ಇವೆ. ಯುದ್ಧ ಬೇಕೇ ಬೇಡವೇ, ಸರ್ಕಾರದ ನೀತಿ ಸರಿಯೇ ತಪ್ಪೇ ಎಂಬುದು ಸೈನಿಕ ಬಂದೂಕು ಹಿಡಿದು ತೀರ್ಮಾನಿಸುವ ವಿಷಯವಲ್ಲ. ಹಾಗಿದ್ದೂ, ಆ ಮಹಾತ್ಮರ ಮಾತನ್ನು ಈ ಒಂದು ವಿಷಯದಲ್ಲಿ ನಾನು ಒಪ್ಪಲಾರೆ. ವಚನಭಂಗದ ಭಯಕ್ಕೆ ಮದ್ದು ಕುರುಡು ಪಾಲನೆಯಲ್ಲಿ ಇಲ್ಲ. ನಿರಾಕರಿಸಲೇಬೇಕಾದ ಆದೇಶ ಯಾವುದೆಂಬ ಗೆರೆಯನ್ನು ಕಾನೂನು ಸ್ಪಷ್ಟವಾಗಿ, ಕಿರಿದಾಗಿ ಎಳೆದುಕೊಟ್ಟು, ಆ ಗೆರೆ ಎಲ್ಲಿದೆ ಎಂಬುದನ್ನು ಸೈನಿಕನಿಗೆ ಮೊದಲೇ ತೋರಿಸಬೇಕು.

ಸ್ವತಂತ್ರ ಭಾರತದ ಸರ್ವೋಚ್ಚ ನ್ಯಾಯಾಲಯ ಈ ಗೆರೆಯನ್ನು ಎಳೆದೂ ಇದೆ. ನಕಲಿ ಎನ್‌ಕೌಂಟರ್ ಪ್ರಕರಣವೊಂದರಲ್ಲಿ, 2011ರ ಪ್ರಕಾಶ್ ಕದಂ ತೀರ್ಪಿನಲ್ಲಿ, ಅದು ನ್ಯೂರೆಂಬರ್ಗ್ ವಿಚಾರಣೆಯನ್ನೇ ನೆನಪಿಸಿ, ಮೇಲಧಿಕಾರಿ ಇಂಥ ಕೊಲೆಗೆ ಆದೇಶಿಸಿದರೆ ನಿರಾಕರಿಸುವುದು ಪೊಲೀಸನ ಕರ್ತವ್ಯ, ಪಾಲಿಸಿದರೆ ಕೊಲೆಯ ಆರೋಪ ಎದುರಿಸಬೇಕಾಗುತ್ತದೆ ಎಂದು ಎಚ್ಚರಿಸಿತು. ಮಣಿಪುರದಲ್ಲಿ ಪೊಲೀಸರು ಮತ್ತು ಭದ್ರತಾ ಪಡೆಗಳು ಕಾನೂನು ಮೀರಿ ಕೊಂದರೆನ್ನಲಾದ 1528 ಸಾವುಗಳ ಕುರಿತ ಅರ್ಜಿಯಲ್ಲಿ 2016ರ ಜುಲೈನಲ್ಲಿ ಕೊಟ್ಟ ತೀರ್ಪು, ಅಪರಾಧ ಎಸಗಿದ ಸೇನಾ ಸಿಬ್ಬಂದಿಗೆ ವಿಚಾರಣೆಯಿಂದ ಸಂಪೂರ್ಣ ವಿನಾಯಿತಿ ಎಂಬುದು ಇಲ್ಲ ಎಂದಿತು. ಆದರೆ ತೀರ್ಪಿಗೂ ಆಚರಣೆಗೂ ನಡುವೆ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯ 6ನೆಯ ಕಲಂ ನಿಂತಿದೆ, ಕೇಂದ್ರದ ಪೂರ್ವಾನುಮತಿ ಇಲ್ಲದೆ ಮೊಕದ್ದಮೆ ಹೂಡುವಂತಿಲ್ಲ. ನಾಗಾಲ್ಯಾಂಡಿನ ಓಟಿಂಗ್ ಬಳಿ 2021ರ ಡಿಸೆಂಬರ್ 4ರಂದು ಕಲ್ಲಿದ್ದಲು ಗಣಿಯ ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದ ಆರು ಮಂದಿ ಸೇನೆಯ ಗುಂಡಿಗೆ ಬಲಿಯಾದರು, ಅದರ ಬೆನ್ನಿಗೆ ಇನ್ನೂ ಹಲವು ನಾಗರಿಕರೂ ಒಬ್ಬ ಸೈನಿಕನೂ ಸತ್ತರು. ಗುರುತು ತಪ್ಪಿ ಆದ ದುರಂತವೆಂದು ಸರ್ಕಾರ ಸಂಸತ್ತಿನಲ್ಲಿ ಹೇಳಿತು. ರಾಜ್ಯದ ಪೊಲೀಸರು 30 ಮಂದಿ ಸೇನಾ ಸಿಬ್ಬಂದಿಯ ಮೇಲೆ ಆರೋಪಪಟ್ಟಿ ಸಲ್ಲಿಸಿದರು, ಕೇಂದ್ರ ಅನುಮತಿ ನಿರಾಕರಿಸಿತು, 2024ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಪ್ರಕರಣವನ್ನು ಮುಕ್ತಾಯಗೊಳಿಸಿತು. ಆ ಸಿಬ್ಬಂದಿ ತಪ್ಪಿತಸ್ಥರು ಎಂದು ನಾನು ಹೇಳುತ್ತಿಲ್ಲ. ಅಂದು ಯಾರು ಯಾರಿಗೆ ಏನು ಆದೇಶ ಕೊಟ್ಟರು ಎಂಬ ಪ್ರಶ್ನೆ ತೆರೆದ ನ್ಯಾಯಾಲಯದಲ್ಲಿ ಪರೀಕ್ಷೆಗೆ ಒಳಗಾಗಲಿಲ್ಲ ಎಂಬುದಷ್ಟೇ ನನ್ನ ದುಃಖ. ನಿರ್ದೋಷಿಯಾದ ಸೈನಿಕನಿಗೂ ಇದರಿಂದ ಅನ್ಯಾಯವೇ ಆಗಿದೆ, ಏಕೆಂದರೆ ಅವನ ಹೆಸರು ತೊಳೆದು ಶುದ್ಧವಾಗುವ ಜಾಗವೂ ಅದೇ ಆಗಿತ್ತು.

2025ರ ನವೆಂಬರಿನಲ್ಲಿ ಅಮೆರಿಕದ ಆರು ಮಂದಿ ಶಾಸಕರು, ತಾವೇ ಹಿಂದೆ ಸೇನೆಯಲ್ಲಿ ಅಥವಾ ಗುಪ್ತಚರ ಇಲಾಖೆಯಲ್ಲಿ ದುಡಿದವರು, ಕಾನೂನುಬಾಹಿರ ಆದೇಶವನ್ನು ನಿರಾಕರಿಸಬಹುದು ಎಂದು ಸೈನಿಕರಿಗೆ ವಿಡಿಯೊದಲ್ಲಿ ನೆನಪಿಸಿದ್ದಕ್ಕೆ ಅವರ ಅಧ್ಯಕ್ಷರು ಅದನ್ನು ದೇಶದ್ರೋಹದ ನಡತೆ ಎಂದರು. ಕಾಯ್ದೆಯಲ್ಲಿ ಆಗಲೇ ಇರುವ ಮಾತನ್ನು ಗಟ್ಟಿಯಾಗಿ ಓದಿ ಹೇಳುವುದೇ ಅಪರಾಧ ಎನಿಸುವ ಸ್ಥಿತಿ ಯಾವ ಪ್ರಜಾಪ್ರಭುತ್ವಕ್ಕೂ ಬರಬಾರದು, ನಮಗಂತೂ ಬೇಡ.

ಆದ್ದರಿಂದ ನಮ್ಮ ರಾಜ್ಯದ ಸಂಸದರು ರಕ್ಷಣಾ ಸಚಿವಾಲಯದ ಮುಂದೆ ಈ ಬೇಡಿಕೆಗಳನ್ನು ಇಡಬೇಕೆಂದು ಕೋರುತ್ತೇನೆ. 41ನೆಯ ಕಲಮಿನ ಅರ್ಥವನ್ನು, ಯುದ್ಧದಲ್ಲಿ ಸೆರೆಯಾಳು, ಗಾಯಾಳು, ನಾಗರಿಕರನ್ನು ಕಾಪಾಡುವ ಜಿನೀವಾ ಒಪ್ಪಂದಗಳ ಸಾರವನ್ನು ಪ್ರತಿಯೊಬ್ಬ ಅಗ್ನಿವೀರನಿಗೂ ಅವನು ಓದಿ ತಿಳಿಯುವ ಭಾಷೆಯಲ್ಲಿ, ನಿಜವಾಗಿ ನಡೆದ ಪ್ರಕರಣಗಳನ್ನು ಮುಂದಿಟ್ಟು ಕಲಿಸಬೇಕು. ಬಂದೂಕಿನ ಭಾಗಗಳನ್ನು ಕತ್ತಲಲ್ಲೂ ಜೋಡಿಸುವಷ್ಟು ಅಭ್ಯಾಸ ಮಾಡಿಸುವ ಸೇನೆಗೆ ಇದು ಹೊರೆಯಾಗಲಾರದು. ಸಂದೇಹ ಬಂದಾಗ ಆದೇಶವನ್ನು ಮತ್ತೊಮ್ಮೆ ಹೇಳಿ ಎಂದೋ, ವೈರ್‌ಲೆಸ್ಸಿನಲ್ಲಿ ದಾಖಲಿಸಿ ಎಂದೋ ಕೇಳುವುದು ಅವಿಧೇಯತೆ ಅಲ್ಲ ಎಂಬುದನ್ನು ನಿಯಮದಲ್ಲೇ ಬರೆಯಬೇಕು. ಎಷ್ಟೋ ತಪ್ಪು ಆದೇಶಗಳು ‘ಬರೆದುಕೊಡಿ ಸಾಹೇಬರೇ’ ಎಂಬ ಒಂದು ಮಾತಿಗೇ ಹಿಂದೆ ಸರಿಯುವುದನ್ನು ನಾಗರಿಕ ಆಡಳಿತದ ಪ್ರಕರಣಗಳಲ್ಲಿ ನಾನು ಕಂಡಿದ್ದೇನೆ. ನಿರಾಕರಿಸಿದವನ ವಿಚಾರಣೆ ಅವನು ಯಾರ ಆದೇಶವನ್ನು ನಿರಾಕರಿಸಿದನೋ ಆ ಅಧಿಕಾರಿಯ ಕೈಕೆಳಗೆ ನಡೆಯಬಾರದು. ಪಾಲಿಸಿದವನ ಮೇಲೆ ಆರೋಪಪಟ್ಟಿ ಸಲ್ಲಿಸುವುದಾದರೆ ಆದೇಶ ಯಾರಿಂದ ಬಂತು ಎಂಬ ತನಿಖೆ ಅದರೊಂದಿಗೇ ಮುಗಿದಿರಬೇಕು. ಮೊಕದ್ದಮೆಗೆ ಅನುಮತಿ ನಿರಾಕರಿಸುವ ಸರ್ಕಾರ ತನ್ನ ಕಾರಣಗಳನ್ನು ಬರೆದು, ಸತ್ತವರ ಮನೆಯವರಿಗೆ ತಲುಪಿಸಬೇಕು.

ತಮ್ಮ ಪತ್ರಿಕೆಯನ್ನು ಓದುವವರಲ್ಲಿ ಕೊಡಗಿನಿಂದ ಬೀದರಿನವರೆಗೆ ನಿವೃತ್ತ ಯೋಧರು ಬಹಳ ಮಂದಿ ಇದ್ದಾರೆ. ತಮ್ಮ ತರಬೇತಿಯಲ್ಲಿ ‘ಕಾನೂನುಬದ್ಧ’ ಎಂಬ ಪದದ ಅರ್ಥವನ್ನು ಯಾರಾದರೂ ಬಿಡಿಸಿ ಹೇಳಿದ್ದರೇ, ಹೇಳಿದ್ದರೆ ಹೇಗೆ ಹೇಳಿದ್ದರು ಎಂಬುದನ್ನು ಅವರು ಇದೇ ಅಂಕಣದಲ್ಲಿ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ. ನಮ್ಮ ಓಣಿಯ ಹುಡುಗ ಮುಂದಿನ ತಿಂಗಳು ತರಬೇತಿಗೆ ಹೊರಡುತ್ತಾನೆ. ಕಾನೂನಿನ ಪುಸ್ತಕದಲ್ಲಿ ನನಗೆ ಸಿಗದ ಉತ್ತರ ಅವರ ಅನುಭವದಲ್ಲಿ ಸಿಕ್ಕರೆ ಅಷ್ಟರೊಳಗೆ ಅವನಿಗೆ ಓದಿ ಹೇಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ವಕೀಲ, ಧಾರವಾಡ